ದೋಣಿಯ ಮೇಲಕ್ಕೆ ಡಿಂಗಿಯನ್ನು ಎತ್ತುವ ವಿಂಚಿನ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ದೊಡ್ಡ ದೋಣಿಯೊಡನೆ ಒಯ್ಯುವ ಸಣ್ಣ ದೋಣಿಗೆ ಡಿಂಗಿ ಎಂಬ ಹೆಸರು ಬಳಕೆಯಲ್ಲಿದೆ. ಬಲೆಯ ತುದಿಯನ್ನು ಹಿಡಿದು ನಿಲ್ಲಲು, ದಡಕ್ಕೆ ಹೋಗಿಬರಲು ಹಾಗೂ ಅಪಾಯದ ವೇಳೆಯಲ್ಲಿ ಜನರನ್ನು ಸಾಗಿಸಲು ಡಿಂಗಿಯು ನೆರವಾಗುತ್ತದೆ. ಕೆಲಸ ಮುಗಿದ ನಂತರ ಅದನ್ನು ನೀರಿನಿಂದ ಎತ್ತಿ ದೊಡ್ಡ ದೋಣಿಯ ಅಟ್ಟದ ಮೇಲೆ ಇರಿಸಬೇಕಾಗುತ್ತದೆ. ಈ ಕಾರ್ಯಕ್ಕೆ ಬಳಸುವ ತಿರುಗುಯಂತ್ರವೇ ವಿಂಚ್ ಆಗಿರುತ್ತದೆ.

ವಿಂಚನ್ನು ಕೊಳ್ಳುವವರು ಸಾಮಾನ್ಯವಾಗಿ ಅದರ ಫಲಕದ ಮೇಲಿರುವ ತೂಕದ ಅಂಕಿಯನ್ನು ಮತ್ತು ಬೆಲೆಯನ್ನು ಮಾತ್ರ ನೋಡುತ್ತಾರೆ. ಆದರೆ ಆ ಅಂಕಿಯು ಬಹಳಷ್ಟು ವೇಳೆ ಎಳೆಯುವ ಸಾಮರ್ಥ್ಯವನ್ನು ಸೂಚಿಸುತ್ತದೆಯೇ ಹೊರತು ಎತ್ತುವ ಸಾಮರ್ಥ್ಯವನ್ನಲ್ಲ. ಈ ವ್ಯತ್ಯಾಸವನ್ನು ಅರಿಯದೆ ಕೊಂಡ ವಿಂಚಿನಿಂದ ಕೈಬೆರಳು, ಮಣಿಕಟ್ಟು ಮತ್ತು ಕೆಲವೊಮ್ಮೆ ಪ್ರಾಣಕ್ಕೇ ಹಾನಿ ಸಂಭವಿಸಬಹುದು. ಆದುದರಿಂದ ವಿಂಚಿನ ಆಯ್ಕೆಯಲ್ಲಿ ಗಮನಿಸತಕ್ಕ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಈ ಮಾಹಿತಿಯು ಯಾರಿಗೆ ಅನ್ವಯಿಸುತ್ತದೆ

ಅ) ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರ ಮೊದಲಾದ ಬಂದರುಗಳಿಂದ ಕಡಲಿಗೆ ಹೋಗುವ ಯಾಂತ್ರೀಕೃತ ದೋಣಿಗಳ ಮಾಲೀಕರು ಹಾಗೂ ಚಾಲಕ ಸಿಬ್ಬಂದಿ. ಕರ್ನಾಟಕದ ಕರಾವಳಿಯಲ್ಲಿ ಒಂದು ಕಾಲಕ್ಕೆ ದಡದಿಂದಲೇ ಅನೇಕ ಜನ ಸೇರಿ ಕೈಯಿಂದ ಎಳೆಯುವ ರಂಪಣಿ ಬಲೆಯು ಪ್ರಧಾನವಾಗಿತ್ತು. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬಲೆ ಬಂದ ಮೇಲೆ ಮೀನುಗಾರಿಕೆಯು ದಡದಿಂದ ದೂರ ಸರಿಯಿತು. ಬಲೆಯನ್ನು ವೃತ್ತಾಕಾರವಾಗಿ ಬಿಡುವಾಗ ಅದರ ಒಂದು ತುದಿಯನ್ನು ಹಿಡಿದು ನಿಲ್ಲಲು ಸಣ್ಣ ದೋಣಿಯ ಅಗತ್ಯವಿದ್ದು, ಅದನ್ನು ಹಿಂದೆ ಕಟ್ಟಿ ಎಳೆದೊಯ್ಯಬೇಕು ಅಥವಾ ಮೇಲೇರಿಸಿ ಒಯ್ಯಬೇಕು.

ಆ) ಒಳನಾಡಿನ ನದಿ, ಕೆರೆ ಮತ್ತು ಜಲಾಶಯಗಳಲ್ಲಿ ದೋಣಿ ಬಳಸುವವರು. ಉದಾಹರಣೆಗೆ ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರಾ, ವರದಾ, ಕುಮುದ್ವತಿ ಮತ್ತು ಧರ್ಮಾ ನದಿಗಳು ಹರಿಯುತ್ತವೆ. ಇಲ್ಲಿ ದೋಣಿಯನ್ನು ಇನ್ನೊಂದು ದೋಣಿಯ ಮೇಲೆ ಏರಿಸುವ ಸಂದರ್ಭ ವಿರಳ. ದಡದ ಇಳಿಜಾರಿನಲ್ಲಿ ಅಥವಾ ಟ್ರೇಲರಿನ ಮೇಲೆ ಎಳೆದುಕೊಳ್ಳುವ ಸಂದರ್ಭವೇ ಹೆಚ್ಚು.

ಈ ಎರಡು ಕೆಲಸಗಳಿಗೆ ಒಂದೇ ವಿಂಚು ಸಲ್ಲದು ಎಂಬುದೇ ಈ ಮಾಹಿತಿಯ ಮುಖ್ಯಾಂಶವಾಗಿದೆ.

3. ಎಳೆಯುವ ವಿಂಚು ಮತ್ತು ಎತ್ತುವ ವಿಂಚು

ವರದಾ ನದಿಯ ದಡದಲ್ಲಿ ಟ್ರೇಲರ್ ಸಹಿತ 400 ಕೆ.ಜಿ. ತೂಗುವ ದೋಣಿಯೊಂದಿದೆ ಎಂದು ಭಾವಿಸೋಣ. ದಡದ ಇಳಿಜಾರು 6 ಮೀಟರ್ ಉದ್ದಕ್ಕೆ 1 ಮೀಟರ್ ಏರುತ್ತದೆ. ಆಗ ವಿಂಚಿನ ಹಗ್ಗದ ಮೇಲೆ ಬೀಳುವ ಭಾರವು ತೂಕದ ಆರನೆಯ ಒಂದು ಭಾಗ, ಅಂದರೆ ಸುಮಾರು 67 ಕೆ.ಜಿ. ಗಟ್ಟಿ ನೆಲದ ಮೇಲೆ ಗಾಲಿಗಳ ಘರ್ಷಣೆಯನ್ನು ಸೇರಿಸಿದರೂ ಅದು 100 ಕೆ.ಜಿ.ಯ ಆಸುಪಾಸಿನಲ್ಲಿರುತ್ತದೆ. ಕೆಸರು ಅಥವಾ ಮರಳಿನಲ್ಲಿ ಈ ಭಾರ ಹೆಚ್ಚುತ್ತದೆ. ಅದೇ ದೋಣಿಯನ್ನು ನೇರವಾಗಿ ಮೇಲಕ್ಕೆ ಎತ್ತಿದರೆ ಹಗ್ಗದ ಮೇಲೆ ಅದರ ಪೂರ್ಣ ತೂಕ ಬೀಳುತ್ತದೆ.

ಎರಡನೆಯ ವ್ಯತ್ಯಾಸವು ಇನ್ನೂ ಮುಖ್ಯವಾದುದು. ಇಳಿಜಾರಿನಲ್ಲಿ ಗಾಲಿಗೆ ಕಲ್ಲು ಅಥವಾ ಮರದ ತುಂಡನ್ನು ಕೊಟ್ಟರೆ ದೋಣಿ ನಿಲ್ಲುತ್ತದೆ. ಗಾಳಿಯಲ್ಲಿ ತೂಗುವ ದೋಣಿಗೆ ಕೊಡಲು ಯಾವ ಆಸರೆಯೂ ಇರುವುದಿಲ್ಲ. ವಿಂಚಿನ ಬ್ರೇಕೊಂದೇ ಆಧಾರ.

ಟ್ರೇಲರಿಗೆ ಜೋಡಿಸುವ ಅಗ್ಗದ ಕೈವಿಂಚುಗಳಲ್ಲಿ ಸಾಮಾನ್ಯವಾಗಿ ಬ್ರೇಕು ಇರುವುದಿಲ್ಲ. ಹಲ್ಲುಗಾಲಿಗೆ ಸಿಕ್ಕಿಕೊಳ್ಳುವ ಒಂದು ಕೊಂಡಿ ಮಾತ್ರ ಇರುತ್ತದೆ. ಭಾರವನ್ನು ಇಳಿಸಲು ಈ ಕೊಂಡಿಯನ್ನು ಬಿಡಿಸಿದ ಕ್ಷಣದಲ್ಲಿ ಪೂರ್ಣ ಭಾರವು ಹಿಡಿಯ ಮೇಲೆ ಬರುತ್ತದೆ. ಕೈ ಜಾರಿದರೆ ಹಿಡಿಯು ವೇಗವಾಗಿ ಹಿಮ್ಮುಖವಾಗಿ ತಿರುಗಿ ಮಣಿಕಟ್ಟಿಗೆ ಅಥವಾ ಮುಖಕ್ಕೆ ಬಡಿಯುತ್ತದೆ. ಆದುದರಿಂದ ಅಂತಹ ವಿಂಚನ್ನು, ಅದರ ಫಲಕದ ಮೇಲೆ ಎಷ್ಟೇ ದೊಡ್ಡ ಅಂಕಿ ಇದ್ದರೂ, ಎತ್ತುವ ಕೆಲಸಕ್ಕೆ ಬಳಸತಕ್ಕದ್ದಲ್ಲ.

4. ಎತ್ತಬೇಕಾದ ತೂಕದ ಲೆಕ್ಕ

ಹಾವೇರಿ ಮತ್ತು ರಾಣೆಬೆನ್ನೂರಿನ ನಡುವೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿರುವ, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಂತಹ ಬಯಲುಸೀಮೆಯ ಊರುಗಳ ರೈತರು ದೋಣಿಯನ್ನು ಎತ್ತುವ ಪ್ರಮೇಯ ಬಾರದು. ಆದರೆ ಮೂರುಕಾಲಿನ ಕಮಾನು ನಿಲ್ಲಿಸಿ, ಚೈನ್ ಪುಲ್ಲಿಯಿಂದ ಕೊಳವೆಬಾವಿಯ ಪಂಪನ್ನು ಎತ್ತುವ ಕೆಲಸವು ಅಂತಹ ಊರುಗಳಿಗೆ ಪರಿಚಿತವಾದುದು. ಆ ಕೆಲಸದಲ್ಲಿ ಪಂಪಿನ ತೂಕವನ್ನು ಮಾತ್ರ ಲೆಕ್ಕ ಹಿಡಿದರೆ ಸಾಲದು. ಒಳವ್ಯಾಸ 50 ಮಿ.ಮೀ. ಇರುವ ಪೈಪಿನ ಪ್ರತಿ ಮೀಟರಿನಲ್ಲಿ ಸುಮಾರು 2 ಲೀಟರ್ ನೀರಿರುತ್ತದೆ. ಕವಾಟವು ನೀರನ್ನು ಹಿಡಿದಿಟ್ಟಿದ್ದಲ್ಲಿ 100 ಮೀಟರ್ ಪೈಪಿನೊಳಗೆ ಸುಮಾರು 200 ಕೆ.ಜಿ. ನೀರಿನ ಭಾರವೇ ಇರುತ್ತದೆ.

ಡಿಂಗಿಯ ಲೆಕ್ಕವೂ ಇದೇ ಬಗೆಯದು. ದೋಣಿಯ ತಳದಲ್ಲಿ ನಿಂತ ನೀರು, ತೊಯ್ದ ಹಗ್ಗ ಮತ್ತು ಬಲೆಯ ತೂಕವನ್ನು ಮರೆಯುವುದು ಸಾಮಾನ್ಯ ತಪ್ಪು. 3.5 ಮೀಟರ್ ಉದ್ದದ ಫೈಬರ್ ಡಿಂಗಿಯೊಂದರ ಮಾದರಿ ಲೆಕ್ಕವು ಈ ಕೆಳಕಂಡಂತಿರುತ್ತದೆ:

– ಖಾಲಿ ಡಿಂಗಿ: 90 ಕೆ.ಜಿ.
– ಹೊರಬದಿಯ ಎಂಜಿನ್: 40 ಕೆ.ಜಿ.
– ಇಂಧನ (25 ಲೀಟರ್) ಮತ್ತು ಡಬ್ಬಿ: 20 ಕೆ.ಜಿ.
– ಲಂಗರು, ಹಗ್ಗ, ಹುಟ್ಟು: 15 ಕೆ.ಜಿ.
– 2 ಮೀಟರ್ ಉದ್ದ, 1 ಮೀಟರ್ ಅಗಲದ ತಳದಲ್ಲಿ 5 ಸೆಂ.ಮೀ. ನಿಂತ ನೀರು: 100 ಕೆ.ಜಿ.
– ಒಟ್ಟು: 265 ಕೆ.ಜಿ.

ಕೇವಲ ಐದು ಸೆಂಟಿಮೀಟರ್ ನೀರು ಖಾಲಿ ಡಿಂಗಿಯ ತೂಕಕ್ಕಿಂತ ಹೆಚ್ಚು ಭಾರವನ್ನು ಸೇರಿಸುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ಇದಲ್ಲದೆ ಕಡಲಿನಲ್ಲಿ ದೊಡ್ಡ ದೋಣಿ ಮತ್ತು ಡಿಂಗಿ ಎರಡೂ ಒಂದೇ ಲಯದಲ್ಲಿ ಏಳುವುದಿಲ್ಲ. ಡಿಂಗಿಯು ಅಲೆಯೊಡನೆ ಇಳಿದು ಅದೇ ವೇಳೆಗೆ ದೊಡ್ಡ ದೋಣಿಯು ಏರಿದರೆ ಸಡಿಲಾಗಿದ್ದ ಹಗ್ಗವು ಒಮ್ಮೆಲೇ ಬಿಗಿದು ಜಗ್ಗುತ್ತದೆ. ಈ ಕಾರಣದಿಂದ ನಿಂತ ತೂಕದ ಎರಡು ಪಟ್ಟನ್ನು ಲೆಕ್ಕಕ್ಕೆ ಹಿಡಿಯುವುದು ಕ್ಷೇಮಕರ. ಮೇಲಿನ ಮಾದರಿಯಲ್ಲಿ ಇದು 530 ಕೆ.ಜಿ. ಆಗುತ್ತದೆ. ಮೇಲೆ ಕೊಟ್ಟಿರುವ ಅಂಕಿಗಳು ಮಾದರಿ ಮಾತ್ರ. ಪ್ರತಿಯೊಬ್ಬ ಮಾಲೀಕರೂ ತಮ್ಮ ಡಿಂಗಿಯನ್ನು ತೂಕದ ಕಾಟಾದಲ್ಲಿ ತೂಗಿಸಿ ಲೆಕ್ಕ ಹಾಕುವುದು ಉಚಿತ.

5. ಬ್ರೇಕಿನ ಪರಿಶೀಲನೆ

ಎತ್ತುವ ವಿಂಚಿನಲ್ಲಿ, ಹಿಡಿಯನ್ನು ಬಿಟ್ಟ ಕೂಡಲೇ ಅಥವಾ ವಿದ್ಯುತ್ ನಿಂತ ಕೂಡಲೇ, ಭಾರವನ್ನು ಇದ್ದಲ್ಲಿಯೇ ಹಿಡಿದು ನಿಲ್ಲಿಸುವ ಸ್ವಯಂಚಾಲಿತ ಬ್ರೇಕು ಇರತಕ್ಕದ್ದು. ಈ ಸಂಬಂಧವಾಗಿ ಕೆಳಕಂಡ ಅಂಶಗಳನ್ನು ಗಮನಿಸುವುದು:

ಅ) ಘರ್ಷಣೆಯ ಬ್ರೇಕುಳ್ಳ ಕೈವಿಂಚಿನಲ್ಲಿ ಭಾರವೇ ಬ್ರೇಕಿನ ಬಿಲ್ಲೆಗಳನ್ನು ಒತ್ತಿ ಹಿಡಿಯುತ್ತದೆ. ಇಳಿಸುವಾಗ ಹಿಡಿಯನ್ನು ಹಿಮ್ಮುಖವಾಗಿ ತಿರುಗಿಸಬೇಕು. ತಿರುಗಿಸುವುದನ್ನು ನಿಲ್ಲಿಸಿದರೆ ಭಾರವೂ ನಿಲ್ಲುತ್ತದೆ. ಈ ಬಗೆಯ ಬ್ರೇಕಿನ ಬಿಲ್ಲೆಗಳಿಗೆ ಎಣ್ಣೆ ಅಥವಾ ಗ್ರೀಸನ್ನು ಹಚ್ಚತಕ್ಕದ್ದಲ್ಲ. ಹಚ್ಚಿದಲ್ಲಿ ಬ್ರೇಕು ಜಾರುತ್ತದೆ.

ಆ) ಇಂತಹ ಬ್ರೇಕು ಕೆಲಸ ಮಾಡಲು ಒಂದು ಕನಿಷ್ಠ ಭಾರವು ಅವಶ್ಯವಾಗಿದ್ದು, ಅದನ್ನು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳುವುದು. ಬಹಳ ಹಗುರವಾದ ವಸ್ತುವನ್ನು ದೊಡ್ಡ ವಿಂಚಿನಿಂದ ಎತ್ತಿದಾಗ ಬ್ರೇಕು ಹಿಡಿಯದಿರಬಹುದು.

ಇ) ತಿರುಪು ಗಿಯರಿನ ವಿಂಚುಗಳು ಸಾಮಾನ್ಯವಾಗಿ ತಾವಾಗಿಯೇ ಹಿಂದಕ್ಕೆ ತಿರುಗುವುದಿಲ್ಲ. ಆದರೆ ಎಂಜಿನ್ನಿನ ಅದುರುವಿಕೆಯಿಂದ ಭಾರವು ನಿಧಾನವಾಗಿ ಇಳಿಯುವ ಸಾಧ್ಯತೆಯಿರುವುದರಿಂದ ಪ್ರತ್ಯೇಕ ಬ್ರೇಕು ಇರುವುದನ್ನೇ ಆರಿಸುವುದು ಸೂಕ್ತ.

ಈ) ಫಲಕದ ಮೇಲೆ ಅಥವಾ ಕೈಪಿಡಿಯಲ್ಲಿ "ಎತ್ತಲು ಬಳಸಬಾರದು" ಎಂಬ ಅರ್ಥದ ಸೂಚನೆ ಇದೆಯೇ ಎಂಬುದನ್ನು ಕೊಳ್ಳುವ ಮೊದಲೇ ಓದಿಸಿ ತಿಳಿದುಕೊಳ್ಳತಕ್ಕದ್ದು.

6. ವಿಂಚಿನ ವಿಧಗಳು

ಅ) ಬ್ರೇಕುಳ್ಳ ಕೈವಿಂಚು: ಬೆಲೆ ಕಡಿಮೆ, ದುರಸ್ತಿ ಸುಲಭ, ವಿದ್ಯುತ್ತಿನ ಹಂಗಿಲ್ಲ. 1:8 ಅನುಪಾತದ ಗಿಯರ್ ಹಾಗೂ 12 ಸೆಂ.ಮೀ. ಡ್ರಮ್ಮು ಇರುವ ವಿಂಚಿನಲ್ಲಿ ಡಿಂಗಿಯನ್ನು 3 ಮೀಟರ್ ಎತ್ತಲು ಹಿಡಿಯನ್ನು ಸುಮಾರು 60 ಸುತ್ತು ತಿರುಗಿಸಬೇಕಾಗುತ್ತದೆ. ದಿನಕ್ಕೆ ಒಂದೆರಡು ಬಾರಿ ಎತ್ತುವವರಿಗೆ ಇದು ಸಾಕಾಗುತ್ತದೆ.

ಆ) ಚೈನ್ ಪುಲ್ಲಿ: ಭಾರವನ್ನು ಹಿಡಿದಿಡುವ ಬ್ರೇಕು ಇದರಲ್ಲಿಯೇ ಅಡಕವಾಗಿರುತ್ತದೆ. ಭಾರತೀಯ ಮಾನಕ ಐಎಸ್ 3832 ಕೈಯಿಂದ ನಡೆಸುವ ಚೈನ್ ಪುಲ್ಲಿಗಳಿಗೆ ಸಂಬಂಧಿಸಿದುದಾಗಿದೆ. ಕೆಲಸ ನಿಧಾನ, ಉಪ್ಪುನೀರಿನಲ್ಲಿ ಸರಪಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಬಂದರಿನೊಳಗೆ ಅಥವಾ ನದಿಯಲ್ಲಿ ಅನುಕೂಲ. ಅಲೆಯಿರುವಲ್ಲಿ ನಿಧಾನಗತಿಯೇ ತೊಡಕಾಗುತ್ತದೆ.

ಇ) ವಿದ್ಯುತ್ ವಿಂಚು: 265 ಕೆ.ಜಿ.ಯನ್ನು ನಿಮಿಷಕ್ಕೆ 3 ಮೀಟರ್ ವೇಗದಲ್ಲಿ ಎತ್ತಲು ಸುಮಾರು 130 ವ್ಯಾಟ್ ಶಕ್ತಿ ಬೇಕು. ಗಿಯರ್ ಮತ್ತು ಮೋಟಾರಿನ ನಷ್ಟವನ್ನು ಕಳೆದು ಶೇಕಡಾ 40ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ ಎಂದಿಟ್ಟುಕೊಂಡರೆ ಬ್ಯಾಟರಿಯಿಂದ ಸುಮಾರು 325 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 27 ಆಂಪಿಯರ್ ಹರಿಯುತ್ತದೆ. ಬ್ಯಾಟರಿಯು ವಿಂಚಿನಿಂದ 10 ಮೀಟರ್ ದೂರದಲ್ಲಿದ್ದು, 4 ಚದರ ಮಿ.ಮೀ. ತಾಮ್ರದ ತಂತಿಯನ್ನು ಹಾಕಿದರೆ ಹೋಗಿಬರುವ 20 ಮೀಟರಿನಲ್ಲಿ ಸುಮಾರು 2.3 ವೋಲ್ಟ್ ನಷ್ಟವಾಗುತ್ತದೆ. ಮೋಟಾರು ಬಳಲಿ ಬಿಸಿಯಾಗುತ್ತದೆ. 16 ಚದರ ಮಿ.ಮೀ. ತಂತಿಯಲ್ಲಿ ಈ ನಷ್ಟವು ಸುಮಾರು 0.6 ವೋಲ್ಟಿಗೆ ಇಳಿಯುತ್ತದೆ. ಫ್ಯೂಸ್ ಮತ್ತು ತುರ್ತು ನಿಲುಗಡೆಯ ಗುಂಡಿ ಕಡ್ಡಾಯವೆಂದೇ ಭಾವಿಸುವುದು. ವಿದ್ಯುತ್ ಇಲ್ಲದಾಗ ಕೈಯಿಂದ ತಿರುಗಿಸುವ ವ್ಯವಸ್ಥೆ ಇರುವ ಮಾದರಿಯನ್ನೇ ಕೊಳ್ಳುವುದು.

ಈ) ಹೈಡ್ರಾಲಿಕ್ ವಿಂಚು: ದಿನವೂ ಹಲವು ಬಾರಿ ಎತ್ತುವ, ಈಗಾಗಲೇ ಹೈಡ್ರಾಲಿಕ್ ಪಂಪು ಇರುವ ದೊಡ್ಡ ದೋಣಿಗಳಿಗೆ ಸೂಕ್ತ. ಕೊಳವೆ ಒಡೆದಾಗಲೂ ಭಾರ ಕೆಳಗೆ ಬೀಳದಂತೆ ತಡೆಯುವ ಕವಾಟ ಅಥವಾ ಬ್ರೇಕು ಇರತಕ್ಕದ್ದು.

ಉ) ಟ್ರಾಲ್ ಬಲೆಯ ವಿಂಚು: ಟ್ರಾಲ್ ದೋಣಿಗಳಲ್ಲಿ ಮುಖ್ಯ ಎಂಜಿನ್ನಿನಿಂದ ಚೈನು ಅಥವಾ ಬೆಲ್ಟಿನ ಮೂಲಕ ನಡೆಯುವ ವಿಂಚು ಇರುವುದುಂಟು. ಇದು ಬಲೆಯನ್ನು ಎಳೆಯಲು ರೂಪಿಸಿದ ಯಂತ್ರವಾಗಿದೆ. ಇದರ ಪಕ್ಕದ ತಿರುಗುಣಿಗೆ ಹಗ್ಗ ಸುತ್ತಿ ಡಿಂಗಿಯನ್ನು ಎತ್ತುವಾಗ ಭಾರವನ್ನು ಹಿಡಿದು ನಿಲ್ಲಿಸುವುದು ಹಗ್ಗ ಹಿಡಿದವನ ಕೈ ಮಾತ್ರ. ಒದ್ದೆ ಹಗ್ಗದಲ್ಲಿ ಬೆರಳು ಸಿಲುಕಿದರೆ ಎಂಜಿನ್ನನ್ನು ಬಿಡಿಸುವಷ್ಟು ಸಮಯ ದೊರೆಯುವುದಿಲ್ಲ. ಶಕ್ತಿಯ ಕೊರತೆ ಇಲ್ಲದಿದ್ದರೂ ನಿಯಂತ್ರಣದ ಕೊರತೆ ಇರುವುದರಿಂದ ಈ ಪದ್ಧತಿಯನ್ನು ಕೈಬಿಡುವಂತೆ ಸಲಹೆ ನೀಡಲಾಗಿದೆ.

7. ಡ್ರಮ್ಮು ಮತ್ತು ಹಗ್ಗ

ಫಲಕದ ಮೇಲಿನ ಸಾಮರ್ಥ್ಯವು ಸಾಮಾನ್ಯವಾಗಿ ಡ್ರಮ್ಮಿನ ಮೊದಲ ಪದರದ ಹಗ್ಗಕ್ಕೆ ಅನ್ವಯಿಸುತ್ತದೆ. ಹಗ್ಗವು ಪದರ ಪದರವಾಗಿ ಸುತ್ತಿದಂತೆ ವ್ಯಾಸ ಹೆಚ್ಚುತ್ತದೆ, ಸಾಮರ್ಥ್ಯ ಕುಗ್ಗುತ್ತದೆ. 12 ಸೆಂ.ಮೀ. ಡ್ರಮ್ಮಿನ ಮೇಲೆ 8 ಮಿ.ಮೀ. ಹಗ್ಗವಿದ್ದು ಫಲಕದಲ್ಲಿ 750 ಕೆ.ಜಿ. ಎಂದಿದ್ದರೆ, ನಾಲ್ಕನೆಯ ಪದರದಲ್ಲಿ ಅದು ಸುಮಾರು 545 ಕೆ.ಜಿ.ಗೆ ಇಳಿಯುತ್ತದೆ. ಡಿಂಗಿಯು ಅಟ್ಟದ ಮಟ್ಟಕ್ಕೆ ಬಂದು ಅತಿ ಹೆಚ್ಚು ಎತ್ತರದಲ್ಲಿರುವಾಗಲೇ ಡ್ರಮ್ಮಿನ ಮೇಲೆ ಅತಿ ಹೆಚ್ಚು ಹಗ್ಗವಿರುತ್ತದೆ ಎಂಬುದನ್ನು ನೆನಪಿಡುವುದು. ಮೇಲಿನ 530 ಕೆ.ಜಿ.ಯ ಲೆಕ್ಕಕ್ಕೆ 500 ಕೆ.ಜಿ. ಫಲಕದ ವಿಂಚು ಸಾಲದು, 750 ಕೆ.ಜಿ.ಯದು ಸರಿಹೋಗುತ್ತದೆ.

ಡಿಂಗಿಯು ಅತಿ ಕೆಳಗಿನ ನೀರಿನ ಮಟ್ಟದಲ್ಲಿದ್ದಾಗಲೂ ಡ್ರಮ್ಮಿನ ಮೇಲೆ ಕನಿಷ್ಠ ಮೂರು ಸುತ್ತು ಹಗ್ಗ ಉಳಿದಿರತಕ್ಕದ್ದು. ಹಗ್ಗದ ತುದಿಯನ್ನು ಹಿಡಿದಿರುವ ಬೋಲ್ಟು ಪೂರ್ಣ ಭಾರವನ್ನು ತಾಳುವುದಿಲ್ಲ. ಆ ಸುತ್ತುಗಳ ಹಿಡಿತವೇ ತಾಳುತ್ತದೆ.

ಉಕ್ಕಿನ ತಂತಿಹಗ್ಗಕ್ಕೆ ಭಾರತೀಯ ಮಾನಕ ಐಎಸ್ 2266 ಜಾರಿಯಲ್ಲಿದೆ. ಉತ್ತಮ ದರ್ಜೆಯ 6 ಮಿ.ಮೀ. ತಂತಿಹಗ್ಗವು ಸುಮಾರು 2 ಟನ್ನಿಗೆ ಹಾಗೂ 8 ಮಿ.ಮೀ. ಹಗ್ಗವು ಸುಮಾರು 3.7 ಟನ್ನಿಗೆ ಕಡಿಯುತ್ತದೆ. ಎತ್ತುವ ಕೆಲಸದಲ್ಲಿ ಕಡಿಯುವ ಭಾರದ ಐದನೆಯ ಒಂದು ಭಾಗವನ್ನು ಮಾತ್ರ ಬಳಸಬೇಕು. ಅದರಂತೆ 6 ಮಿ.ಮೀ.ಗೆ ಸುಮಾರು 400 ಕೆ.ಜಿ., 8 ಮಿ.ಮೀ.ಗೆ ಸುಮಾರು 740 ಕೆ.ಜಿ. ಆಗುತ್ತದೆ. ಮಾದರಿ ಲೆಕ್ಕದ 530 ಕೆ.ಜಿ.ಗೆ 8 ಮಿ.ಮೀ. ಹಗ್ಗವೇ ಸೂಕ್ತ. ಮುರಿದ ಎಳೆಗಳು, ಗಂಟುಬಿದ್ದ ಜಾಗ, ಒಳಗಿನಿಂದ ಉದುರುವ ತುಕ್ಕಿನ ಪುಡಿ ಇವುಗಳಲ್ಲಿ ಯಾವುದೇ ಒಂದು ಕಂಡುಬಂದರೂ ಹಗ್ಗವನ್ನು ಬದಲಿಸತಕ್ಕದ್ದು. ತಂತಿಹಗ್ಗವನ್ನು ಬರಿಗೈಯಿಂದ ಸವರಿ ನೋಡಬಾರದು, ಕೈಚೀಲ ಧರಿಸುವುದು.

8. ರಾಟೆ, ಜೋಲಿ ಮತ್ತು ಕಂಬ

ಅ) ಕಂಬದ ತುದಿಯ ರಾಟೆಯ ಮೇಲೆ ಹಗ್ಗವು ಒಂದು ಕಡೆ ಡಿಂಗಿಯತ್ತ, ಇನ್ನೊಂದು ಕಡೆ ಕೆಳಗಿನ ವಿಂಚಿನತ್ತ ಇಳಿಯುತ್ತದೆ. ಆದುದರಿಂದ ರಾಟೆ ಮತ್ತು ಅದರ ಕೊಂಡಿಯ ಮೇಲೆ ಡಿಂಗಿಯ ತೂಕದ ಸುಮಾರು ಎರಡು ಪಟ್ಟು ಬೀಳುತ್ತದೆ. ವಿಂಚಿನಷ್ಟೇ ಬಲದ ಕೊಂಡಿಯನ್ನು ಹಾಕಿದರೆ ಸಾಲದು.

ಆ) ಡಿಂಗಿಯ ಕಡೆಗೆ ಇನ್ನೊಂದು ಚಲಿಸುವ ರಾಟೆಯನ್ನು ಹಾಕಿ, ಹಗ್ಗದ ತುದಿಯನ್ನು ಕಂಬಕ್ಕೆ ಕಟ್ಟಿದರೆ ವಿಂಚಿನ ಮೇಲಿನ ಭಾರವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಎರಡು ಪಟ್ಟು ಹಗ್ಗ ಬೇಕಾಗುತ್ತದೆ ಹಾಗೂ ಎತ್ತುವ ವೇಗ ಅರ್ಧವಾಗುತ್ತದೆ.

ಇ) ಡಿಂಗಿಯ ಮುಂಭಾಗ ಮತ್ತು ಹಿಂಭಾಗಕ್ಕೆ ಕಟ್ಟುವ ಜೋಲಿಯ ಎರಡು ಕಾಲುಗಳು ಚಪ್ಪಟೆಯಾದಷ್ಟೂ ಅವುಗಳ ಮೇಲಿನ ಬಿಗಿತ ಹೆಚ್ಚುತ್ತದೆ. ಅಡ್ಡರೇಖೆಯಿಂದ 60 ಡಿಗ್ರಿ ಕೋನದಲ್ಲಿ ಪ್ರತಿಯೊಂದು ಕಾಲಿನ ಮೇಲೆ ತೂಕದ ಶೇಕಡಾ 58ರಷ್ಟು, 45 ಡಿಗ್ರಿಯಲ್ಲಿ ಶೇಕಡಾ 71ರಷ್ಟು ಬೀಳುತ್ತದೆ. 30 ಡಿಗ್ರಿಯಲ್ಲಿ ಪೂರ್ಣ ತೂಕವೇ ಬೀಳುತ್ತದೆ. ಕೋನವನ್ನು 60 ಡಿಗ್ರಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳುವುದು.

ಈ) ಜೋಲಿಯ ಕೊಂಡಿಗಳನ್ನು ಡಿಂಗಿಯ ಅಂಚಿನ ಪಟ್ಟಿಗೆ ತಿರುಪಿನಿಂದ ಕೂರಿಸದೆ, ಒಳಗಿನಿಂದ ತಟ್ಟೆ ಕೊಟ್ಟು ಬೋಲ್ಟಿನಿಂದ ಬಿಗಿಯತಕ್ಕದ್ದು. ಕಂಬದ ಬುಡವನ್ನೂ ಬರಿಯ ಫೈಬರ್ ಅಟ್ಟಕ್ಕಲ್ಲದೆ, ಅಡಿಯಲ್ಲಿರುವ ತೊಲೆಗೆ ಸೇರಿಸಬೇಕು.

ಉ) ಡಿಂಗಿಯು ನೀರನ್ನು ಬಿಟ್ಟ ಕ್ಷಣದಿಂದ ಅದರ ತೂಕವು ಕಂಬದ ತುದಿಯಲ್ಲಿ ಇಟ್ಟಂತೆಯೇ ದೊಡ್ಡ ದೋಣಿಯ ಮೇಲೆ ಪರಿಣಾಮ ಬೀರುತ್ತದೆ. ಮಧ್ಯರೇಖೆಯಿಂದ 2.5 ಮೀಟರ್ ಹೊರಗೆ 265 ಕೆ.ಜಿ. ತೂಗಿದರೆ ದೋಣಿಯು ಆ ಬದಿಗೆ ವಾಲುತ್ತದೆ. ಅಟ್ಟದ ಮೇಲೆ ಮೀನಿನ ರಾಶಿ, ತೊಯ್ದ ಬಲೆ ಅಥವಾ ಅಡಿಯಲ್ಲಿ ತುಳುಕುವ ನೀರಿದ್ದಲ್ಲಿ ಈ ವಾಲುವಿಕೆ ಅಪಾಯಕ್ಕೆ ತಿರುಗಬಹುದು. ಚಿಕ್ಕ ದೋಣಿಗೆ ಭಾರವಾದ ಡಿಂಗಿಯನ್ನು ಏರಿಸುವ ಬದಲು ಹಗುರವಾದ ಡಿಂಗಿಯನ್ನು ಆರಿಸುವುದೇ ಮೇಲು. ವಿಂಚಿನ ಬಲವು ದೋಣಿಯ ಸಮತೋಲನದ ಕೊರತೆಯನ್ನು ತುಂಬಲಾರದು.

9. ಅಳವಡಿಕೆ ಮತ್ತು ಪರೀಕ್ಷೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1 ರಿಂದ ಜುಲೈ 31 ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗಳು ದಡದಲ್ಲಿರುವ ಈ ಅವಧಿಯು ವಿಂಚಿನ ಅಳವಡಿಕೆ, ಹಗ್ಗದ ಬದಲಾವಣೆ ಮತ್ತು ಪರೀಕ್ಷೆಗೆ ಅನುಕೂಲವಾಗಿರುತ್ತದೆ.

ಪರೀಕ್ಷೆಯನ್ನು ಬಂದರಿನ ನಿಂತ ನೀರಿನಲ್ಲಿ, ನೀರು ತುಂಬಿದ ಪೀಪಾಯಿಗಳಿಂದ ಮಾಡಬಹುದು. ಒಂದು ಲೀಟರ್ ನೀರು ಒಂದು ಕೆ.ಜಿ. ಆಗಿರುವುದರಿಂದ ಭಾರದ ಲೆಕ್ಕ ಸುಲಭ. ಎತ್ತಬೇಕಾದ ತೂಕದ ಒಂದೂಕಾಲು ಪಟ್ಟನ್ನು, ಮಾದರಿಯಂತೆ ಸುಮಾರು 330 ಕೆ.ಜಿ.ಯನ್ನು, ಮೊದಲು ಒಂದು ಗೇಣು ಮಾತ್ರ ಎತ್ತಿ ಹತ್ತು ನಿಮಿಷ ನಿಲ್ಲಿಸುವುದು. ಪೀಪಾಯಿ ಕೆಳಗೆ ಜಾರದಿದ್ದರೆ, ಕಂಬ ಬಾಗದಿದ್ದರೆ, ಬುಡದ ಬೋಲ್ಟುಗಳ ಸುತ್ತ ಬಿರುಕು ಕಾಣದಿದ್ದರೆ ಮಾತ್ರ ಪೂರ್ಣ ಎತ್ತರಕ್ಕೆ ಏರಿಸುವುದು. ಇಳಿಸುವಾಗ ಮೂರು ಬಾರಿ ನಡುವೆ ನಿಲ್ಲಿಸಿ ಬ್ರೇಕನ್ನು ನೋಡುವುದು. ಪರೀಕ್ಷೆಯ ದಿನಾಂಕ ಮತ್ತು ತೂಕವನ್ನು ಪುಸ್ತಕದಲ್ಲಿ ಬರೆದಿಡುವುದು.

10. ಬಳಸುವಾಗ ಪಾಲಿಸತಕ್ಕ ನಿಯಮಗಳು

– ಎತ್ತುವ ಮೊದಲು ಡಿಂಗಿಯ ತಳದ ನೀರನ್ನು ಪೂರ್ಣವಾಗಿ ತೆಗೆಯುವುದು.
– ಡಿಂಗಿಯೊಳಗೆ ಯಾರೂ ಇರುವಾಗ ಎತ್ತತಕ್ಕದ್ದಲ್ಲ. ಸರಕು ಎತ್ತುವ ವಿಂಚು ಮನುಷ್ಯರನ್ನು ಎತ್ತಲು ರೂಪಿತವಾಗಿರುವುದಿಲ್ಲ.
– ತೂಗುವ ಡಿಂಗಿಯ ಕೆಳಗೆ ಅಥವಾ ಬಿಗಿದ ಹಗ್ಗದ ನೇರದಲ್ಲಿ ನಿಲ್ಲಬಾರದು.
– ಅಪ್ಪಣೆ ಕೊಡುವವರು ಒಬ್ಬರೇ ಇರಬೇಕು. "ನಿಲ್ಲಿಸು" ಎಂಬ ಕೂಗನ್ನು ಮಾತ್ರ ಯಾರು ಕೂಗಿದರೂ ಪಾಲಿಸಬೇಕು.
– ಡಿಂಗಿಯು ಓಲಾಡದಂತೆ ಮುಂದೆ ಮತ್ತು ಹಿಂದೆ ತಡೆಹಗ್ಗ ಕಟ್ಟುವುದು. ಅದನ್ನು ಕೈಗೆ ಸುತ್ತಿಕೊಳ್ಳಬಾರದು.
– ಸಡಿಲ ಅಂಗಿ, ಲುಂಗಿಯ ಅಂಚು, ತೋಳಿನ ದಾರಗಳು ಡ್ರಮ್ಮಿಗೆ ಸಿಲುಕದಂತೆ ಎಚ್ಚರ ವಹಿಸುವುದು.
– ಕೆಲಸ ಮುಗಿದ ಮೇಲೆ ವಿಂಚನ್ನು ಸಿಹಿನೀರಿನಿಂದ ತೊಳೆದು ಹೊದಿಕೆ ಹಾಕುವುದು.

ಕಡಲಿನಲ್ಲಿ ಅಪಘಾತ ಸಂಭವಿಸಿದಲ್ಲಿ ಭಾರತೀಯ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ, ಒಳನಾಡಿನಲ್ಲಿ 112 ಸಂಖ್ಯೆಗೆ ಕರೆ ಮಾಡುವುದು.

11. ಒಳನಾಡಿನ ದೋಣಿ ಬಳಕೆದಾರರಿಗೆ ವಿಶೇಷ ಸೂಚನೆ

ತುಂಗಭದ್ರೆಯ ದಡದಲ್ಲಿ ರೂಢಿಯಲ್ಲಿರುವ ಹರಿಗೋಲನ್ನು ಮನುಷ್ಯರೇ ಹೊತ್ತು ದಡಕ್ಕೆ ತರಬಹುದು. ಅದಕ್ಕೆ ವಿಂಚಿನ ಅಗತ್ಯವಿಲ್ಲ. ಎಂಜಿನ್ ಕೂರಿಸಿದ ಫೈಬರ್ ದೋಣಿಗೆ ಟ್ರೇಲರ್ ವಿಂಚು ಸಾಕು. ಆದರೆ ಅದೇ ವಿಂಚನ್ನು ಬಿಚ್ಚಿ ಮರದ ಕೊಂಬೆಗೆ ಅಥವಾ ಸೇತುವೆಯ ಕಂಬಿಗೆ ಕಟ್ಟಿ ದೋಣಿಯನ್ನು ಎತ್ತಬಾರದು. 2019ರ ಆಗಸ್ಟ್ ತಿಂಗಳಿನಲ್ಲಿ ಹಾವೇರಿ ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕವು ನೆರೆಗೆ ತುತ್ತಾಗಿತ್ತು. ಅಂತಹ ದಿನಗಳಲ್ಲಿ ಅವಸರದಿಂದ ಇರುವ ಸಲಕರಣೆಯನ್ನೇ ಬಳಸುವ ಪ್ರಸಂಗ ಬರುತ್ತದೆ. ಆದುದರಿಂದ ಯಾವ ವಿಂಚು ಎಳೆಯಲು, ಯಾವುದು ಎತ್ತಲು ಎಂಬುದನ್ನು ಬಣ್ಣದಿಂದ ವಿಂಚಿನ ಮೇಲೆಯೇ ಕನ್ನಡದಲ್ಲಿ ದೊಡ್ಡದಾಗಿ ಬರೆದಿಡುವುದು ಒಳಿತು. ಕೊಳವೆಬಾವಿಯ ಪಂಪು ಎತ್ತುವವರಿಗೂ ಈ ಮಾತು ಅನ್ವಯಿಸುತ್ತದೆ.

12. ಖರೀದಿ ಮತ್ತು ಅರ್ಜಿಗೆ ಸಂಬಂಧಿಸಿದ ಸೂಚನೆಗಳು

ಯಾಂತ್ರೀಕೃತ ಮೀನುಗಾರಿಕಾ ದೋಣಿಗಳ ನೋಂದಣಿಯನ್ನು ಕೇಂದ್ರ ಸರ್ಕಾರದ ರಿಯಲ್‌ಕ್ರಾಫ್ಟ್ ಜಾಲತಾಣದ ಮೂಲಕ ಮಾಡಲಾಗುತ್ತದೆ. ರಾಜ್ಯದ ಕಡಲಿನಲ್ಲಿ ಮೀನುಗಾರಿಕೆಯು ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ, 1986ಕ್ಕೆ ಒಳಪಟ್ಟಿರುತ್ತದೆ. ಕಂಬ ಮತ್ತು ವಿಂಚನ್ನು ಕೂರಿಸಲು ದೋಣಿಯ ರಚನೆಯಲ್ಲಿ ಬದಲಾವಣೆ ಮಾಡುವವರು ಕೆಲಸ ಆರಂಭಿಸುವ ಮೊದಲೇ ಸಂಬಂಧಪಟ್ಟ ಕಛೇರಿಯಲ್ಲಿ ವಿಚಾರಿಸಿಕೊಳ್ಳುವುದು.

ಯಾವುದೇ ಸೇವೆ ಅಥವಾ ನೆರವನ್ನು ಕೋರಿ ಕಛೇರಿಗೆ ಬರುವವರು ಈ ಕೆಳಕಂಡ ವಿವರಗಳನ್ನು ಸಿದ್ಧಪಡಿಸಿಕೊಂಡು ಬಂದಲ್ಲಿ ಪರಿಶೀಲನೆ ಸುಗಮವಾಗುತ್ತದೆ:

– ದೋಣಿಯ ನೋಂದಣಿ ಪತ್ರದ ಪ್ರತಿ
– ಡಿಂಗಿಯ ಉದ್ದ ಮತ್ತು ತೂಕದ ಚೀಟಿ
– ವಿಂಚಿನ ತಯಾರಿಕಾ ಸಂಖ್ಯೆ, ಎತ್ತುವ ಸಾಮರ್ಥ್ಯ ಹಾಗೂ ಬ್ರೇಕಿನ ವಿಧವನ್ನು ನಮೂದಿಸಿದ ದರಪಟ್ಟಿ
– ಕಂಬ ಮತ್ತು ಬುಡದ ನಕ್ಷೆ, ಕೈಯಿಂದ ಬರೆದುದಾದರೂ ಸರಿ

ರಸೀದಿಯಲ್ಲಿ "ವಿಂಚ್ 1" ಎಂದಷ್ಟೇ ಬರೆಸದೆ, "ಎತ್ತಲು ಯೋಗ್ಯ, ಸ್ವಯಂಚಾಲಿತ ಬ್ರೇಕು ಸಹಿತ" ಎಂಬ ಮಾತನ್ನೂ ಸಾಮರ್ಥ್ಯವನ್ನೂ ಬರೆಸಿಕೊಳ್ಳತಕ್ಕದ್ದು. ಈ ಮಾತನ್ನು ಬರೆದುಕೊಡಲು ಒಪ್ಪದ ಮಾರಾಟಗಾರರಿಂದ ಕೊಳ್ಳದಿರುವುದು ಲೇಸು. ದೋಷಪೂರಿತ ಸರಕಿನ ಬಗ್ಗೆ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿ ದೂರು ಸಲ್ಲಿಸಲು ಈ ರಸೀದಿಯು ಆಧಾರವಾಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಜೀಪಿನ ಮುಂಭಾಗಕ್ಕೆ ಹಾಕುವ ವಿದ್ಯುತ್ ವಿಂಚಿನ ಫಲಕದಲ್ಲಿ 2 ಟನ್ ಎಂದಿದೆ. 265 ಕೆ.ಜಿ. ಡಿಂಗಿಗೆ ಅದು ಸಾಲದೆ?
ಉತ್ತರ: ಆ ಅಂಕಿಯು ಎಳೆಯುವುದಕ್ಕೆ ಸಂಬಂಧಿಸಿದುದು. ಎತ್ತಲು ಬಳಸಬಹುದೆಂದು ತಯಾರಕರೇ ಬರೆದುಕೊಡದ ಹೊರತು ಬಳಸತಕ್ಕದ್ದಲ್ಲ.

ಪ್ರಶ್ನೆ: ಹಳೆಯ ವಿಂಚನ್ನು ಕೊಳ್ಳಬಹುದೇ?
ಉತ್ತರ: ಫಲಕವು ಓದುವಂತಿದ್ದು, ಬ್ರೇಕಿನ ಬಿಲ್ಲೆಗಳನ್ನು ಬಿಚ್ಚಿ ನೋಡಲು ಅವಕಾಶವಿದ್ದು, ಹೊಸ ಹಗ್ಗ ಹಾಕಿ ಮೇಲೆ ಹೇಳಿದ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಕೊಳ್ಳಬಹುದು. ಫಲಕವಿಲ್ಲದ ವಿಂಚಿನ ಸಾಮರ್ಥ್ಯವನ್ನು ಗಾತ್ರ ನೋಡಿ ಊಹಿಸಬಾರದು.

ಪ್ರಶ್ನೆ: ನಾಲ್ಕು ಜನ ಸೇರಿ ಕೈಯಿಂದಲೇ ಎತ್ತುತ್ತಿದ್ದೇವೆ. ವಿಂಚು ಬೇಕೇ?
ಉತ್ತರ: ಎಂಜಿನ್ ಇಳಿಸಿದ ಹಗುರ ಡಿಂಗಿಯನ್ನು ನಿಂತ ನೀರಿನಲ್ಲಿ ಹಾಗೆ ಎತ್ತಬಹುದು. ಅಲೆಯಿರುವಾಗ ದೋಣಿಯ ಅಂಚಿಗೆ ನಾಲ್ವರು ಬಾಗಿದರೆ ಅವರ ತೂಕವೂ ಅದೇ ಬದಿಗೆ ಸೇರುತ್ತದೆ; ಬೆರಳುಗಳು ಎರಡು ದೋಣಿಗಳ ನಡುವೆ ಸಿಲುಕುತ್ತವೆ. ಅಂತಹಲ್ಲಿ ವಿಂಚು ಅವಶ್ಯಕ.

ಪ್ರಶ್ನೆ: ಒಂದೇ ಒಂದು ವಿಷಯವನ್ನು ನೋಡಿ ಕೊಳ್ಳಬೇಕೆಂದರೆ ಯಾವುದನ್ನು ನೋಡಬೇಕು?
ಉತ್ತರ: ಬ್ರೇಕನ್ನು. ಅಂಗಡಿಯಲ್ಲಿಯೇ ಭಾರವೊಂದನ್ನು ಎತ್ತಿಸಿ, ಹಿಡಿಯಿಂದ ಕೈ ತೆಗೆಯಿಸಿ ನೋಡುವುದು. ಭಾರವು ಇದ್ದಲ್ಲಿಯೇ ನಿಲ್ಲದಿದ್ದರೆ ಆ ವಿಂಚು ಡಿಂಗಿಯನ್ನು ಎತ್ತಲು ಯೋಗ್ಯವಲ್ಲ.

ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಗಮನದಲ್ಲಿರಿಸಿಕೊಂಡು ಸೂಕ್ತ ವಿಂಚನ್ನು ಆರಿಸಿ, ತಮ್ಮ ಹಾಗೂ ಸಹೋದ್ಯೋಗಿಗಳ ಸುರಕ್ಷತೆಯನ್ನು ಕಾಪಾಡಿಕೊಳ್ಳುವಂತೆ ಕೋರಲಾಗಿದೆ.